ಕಾರಣದ ಖಾನೆ

ಬೆಳಿಗ್ಗೆ ಐದೂವರೆಗೆ ನಲ್ಲಿ ನೀರು ಬಂತು. ತೊಟ್ಟಿ ತುಂಬಿಸಿದೆ, ಎರಡು ಡ್ರಮ್ಮು ತುಂಬಿಸಿದೆ, ಅಡುಗೆಮನೆಯ ಕೊಡಗಳಾದ ಮೇಲೂ ಆಸೆ ತಡೆಯದೆ ಇಡ್ಲಿ ಪಾತ್ರೆಯನ್ನೂ ತುಂಬಿಸಿದೆ. ಹಾಲು ಕಾಸಿದೆ. ಯಜಮಾನರಿಗೆ ಬಿ.ಪಿ. ಗುಳಿಗೆ ಕೊಟ್ಟೆ, ನನ್ನದನ್ನು ಮರೆತು ಒಂಬತ್ತಕ್ಕೆ ನುಂಗಿದೆ. ತುಳಸಿಗೆ ನೀರು ಹಾಕಿದೆ, ಗುರೆಳ್ಳು ಹುರಿದು ಚಟ್ನಿಪುಡಿ ಮಾಡಿದೆ, ಗ್ಯಾಸಿಗೆ ಫೋನು ಮಾಡಿದೆ. ತೊಗರಿಬೇಳೆ ಬಿಸಿಲಿಗೆ ಹರವಿದೆ. ಹರವಿದ್ದು ಮರೆತು ಡಬ್ಬಿಯಲ್ಲಿ ಹುಡುಕಿದೆ. ನಿವೃತ್ತಳಾಗಿ ಎರಡು ವರ್ಷವಾದರೂ, ಭಾನುವಾರವಾದರೂ, ಒಂಬತ್ತಾಯಿತೆಂದರೆ ಕೈ ತಾನಾಗಿ ಶಾಲೆಯ ಚೀಲ ಹುಡುಕುತ್ತದೆ. ಇವತ್ತು ಚೀಲ ಸಿಕ್ಕಿತು. ಒಳಗೆ ಸೀಮೆಸುಣ್ಣದ ಪುಡಿ ಇತ್ತು. ಜಾಡಿಸಿ ಒಗೆಯಲು ಹಾಕಿದೆ.

ಹನ್ನೊಂದಕ್ಕೆ ಪಕ್ಕದ ಮನೆಯ ಸವಿತಾ ಬಂದಳು. ಸತ್ಯನಾರಾಯಣಪೇಟೆಯ ನಮ್ಮ ಓಣಿಗೆ ಸೊಸೆಯಾಗಿ ಬಂದವಳು. ಹೋದ ಜೂನಿನಲ್ಲಿ ಸಿರುಗುಪ್ಪದ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಗೆ ಟೀಚರಾಗಿ ಸೇರಿದ್ದಾಳೆ.

"ಮೇಡಂ, ಶನಿವಾರ ಸಭೆ ಐತ್ರಿ. ಸಾಲ್ಯಾಗ ಹುಡುಗ್ರು ಒಬ್ಬರನ್ನೊಬ್ಬರು ಕಾಡೋದರ ವಿರುದ್ಧ ಸರ್ಕಾರ ಕಾಯ್ದಿ ಮಾಡಬೇಕೋ ಬ್ಯಾಡೋ ಅಂತ ಚರ್ಚೆ. ನನ್ನ 'ಬೇಕು' ಅನ್ನೋ ಕಡಿ ಹಾಕ್ಯಾರ. ಎರಡು ಪಾಯಿಂಟ್ ಹೇಳಿಬಿಡ್ರಿ, ಸಾಕು" ಎಂದಳು.

"ನಿನಗೇನು ಅನಿಸ್ತದ?" ಎಂದೆ.

"ನನಗೇನೂ ಅನಿಸೋದಿಲ್ರಿ. 'ಬ್ಯಾಡ' ಕಡಿ ಹಾಕಿದ್ರ ಅದಕ್ಕೂ ನಿಮ್ಮನ್ನ ಕೇಳ್ತಿದ್ದೆ."

ಪ್ರಾಮಾಣಿಕ ಹುಡುಗಿ. ಒಂದು ಲೋಟ ಮಜ್ಜಿಗೆ ಕೊಟ್ಟು, ಸಂಜೆಯೊಳಗೆ ಬರೆದಿಡುತ್ತೇನೆಂದು ಕಳಿಸಿದೆ. ಬರೆಯಲು ಕೂತರೆ ಎರಡು ಪಾಯಿಂಟು ಬರಲಿಲ್ಲ. ನೆನಪಿಗೆ ಬಂದವಳು ಟಿ. ಹುಲಿಗೆಮ್ಮ. ಕುರುಗೋಡಿನ ನನ್ನ ಕೊನೆಯ ಶಾಲೆಯಲ್ಲಿ ಹತ್ತನೇ ತರಗತಿಯ ಹುಡುಗಿ. ನಾನಾಡಿದ ಒಂದು ತಮಾಷೆಯಿಂದ ಅವಳ ಎಸ್ಸೆಸ್ಸೆಲ್ಸಿ ಪರೀಕ್ಷೆಯೇ ತಪ್ಪಿಹೋಗುವುದರಲ್ಲಿತ್ತು. ಅದನ್ನು ಹೇಳದೆ ಕಾಯ್ದೆಯ ಬಗ್ಗೆ ನಾನು ಬಾಯಿ ತೆರೆಯುವುದು ಸರಿಯಲ್ಲ. ಆದರೆ ಅಷ್ಟು ದೊಡ್ಡ ತಪ್ಪು ಮಾಡುವ ಯೋಗ್ಯತೆ ನನಗೆ ಒಂದೇ ದಿನದಲ್ಲಿ ಬರಲಿಲ್ಲ. ಮೂವತ್ತೊಂದು ವರ್ಷ ಅಭ್ಯಾಸ ಮಾಡಿದ್ದೆ. ಅದನ್ನೂ ಸ್ವಲ್ಪ ಹೇಳಬೇಕು.

ನನ್ನ ಮೊದಲ ಶಾಲೆ ಸಿರುಗುಪ್ಪದಲ್ಲಿ. ಸುತ್ತ ಭತ್ತದ ಗದ್ದೆ, ಗಾಳಿಯಲ್ಲಿ ಅಕ್ಕಿ ಗಿರಣಿಯ ತೌಡಿನ ವಾಸನೆ, ಮನೆಯಲ್ಲಿ ತೆಲುಗು ಮಾತಾಡಿ ಶಾಲೆಯಲ್ಲಿ ಕನ್ನಡ ಓದುವ ಮಕ್ಕಳು. ಈಗ ಬುಲ್ಲಿಯಿಂಗ್ ಎನ್ನುತ್ತಾರಲ್ಲ, ಆಗ ಅದಕ್ಕೆ ಹೆಸರಿರಲಿಲ್ಲ. "ಹುಡುಗ್ರು ಆಡ್ತಾವ" ಎನ್ನುತ್ತಿದ್ದೆವು. ಎಂಟನೇ ತರಗತಿಯಲ್ಲಿ ಒಬ್ಬ ದಪ್ಪ ಹುಡುಗ ಒಬ್ಬ ಸಣಕಲನ ಬುತ್ತಿಯನ್ನು ದಿನಾ ಕಸಿದು ತಿನ್ನುತ್ತಿದ್ದ. ಹೊಸ ಉತ್ಸಾಹ ನನಗೆ, ಹೆಡ್ಮಾಸ್ತರರ ಕೋಣೆಗೆ ಓಡಿದೆ. ಅವರು ನಶ್ಯ ಏರಿಸಿ, ಕೈವಸ್ತ್ರದಲ್ಲಿ ಮೂಗೊರೆಸಿ ಹೇಳಿದರು:

"ಏಮ್ಮಾ, ಇದಕ್ಯಾಕ ಅಷ್ಟು ಗಾಬರಿ? ಇಬ್ಬರನ್ನೂ ಒಂದ ತಾಟಿನ್ಯಾಗ ಉಣ್ಣಾಕ ಕುಂದ್ರಸು. ಕೂಡಿ ಉಂಡವರು ಜಗಳ ಆಡಂಗಿಲ್ಲ."

ಈ ಮಾತನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಗೆರೆ ಎಳೆದೆ. ಒಂದು ವಾರ ನಾನೇ ಎದುರು ನಿಂತು ಉಣ್ಣಿಸಿದೆ. ಎರಡು ತಲೆಗಳು ಒಂದೇ ತಾಟಿನ ಮೇಲೆ ಬಾಗಿದ್ದು ಕಂಡು ನನಗೆ ಕಣ್ಣು ತುಂಬಿ ಬಂತು. ಕಣ್ಣು ತುಂಬಿದ್ದರಿಂದಲೇ ಇರಬೇಕು, ಯಾರ ಕೈ ಎಷ್ಟು ಓಡುತ್ತಿದೆ ಎಂಬುದು ಕಾಣಲಿಲ್ಲ. ಎಂಟನೇ ದಿನ ಸಣಕಲನ ಅಜ್ಜಿ ಶಾಲೆಗೆ ಬಂದು ನನ್ನ ಮುಂದೆ ಖಾಲಿ ಡಬ್ಬಿ ಇಟ್ಟಳು.

"ಟೀಚರಮ್ಮಾ, ಮೊದಲು ಆ ಹುಡುಗ ಕಸ್ಕೊಂಡು ಓಡಿಹೋಗಾಗ ಒಂದೆರಡು ತುತ್ತರ ಕೆಳಗ ಬೀಳತಿದ್ವು. ಈಗ ಕುಂತು ಉಣ್ಣಾಕತ್ಯಾನಂತ. ನಿನ್ನ ಪುಣ್ಯ" ಎಂದಳು.

ಆಮೇಲೆ ಬಳ್ಳಾರಿ ಪಟ್ಟಣದ ಶಾಲೆಗೆ ಬಂದೆ. ಅಷ್ಟರಲ್ಲಿ ನಾನು ಒಂದೆರಡು ತರಬೇತಿಗೆ ಹೋಗಿ ಬುದ್ಧಿವಂತೆಯಾಗಿದ್ದೆ. ಬಿಸ್ಕತ್ತಿನ ದೊಡ್ಡ ಡಬ್ಬಿಗೆ ಬಣ್ಣದ ಕಾಗದ ಅಂಟಿಸಿ, ಮುಚ್ಚಳಕ್ಕೆ ಸೀಳು ಮಾಡಿ, 'ದೂರು ಪೆಟ್ಟಿಗೆ' ಎಂದು ಬರೆದು ತರಗತಿಯ ಕಿಟಕಿಯಲ್ಲಿ ಇಟ್ಟೆ. ಶುಕ್ರವಾರ ಚೀಟಿಗಳನ್ನು ತೆಗೆದು ಎಲ್ಲರ ಮುಂದೆ ಗಟ್ಟಿಯಾಗಿ ಓದಿದೆ, ಎಲ್ಲವೂ ಪಾರದರ್ಶಕವಾಗಿರಲಿ ಎಂದು. ಹೆಸರು ಹೇಳಲಿಲ್ಲ. ಆದರೆ ಚೀಟಿಯನ್ನು ಹಿಡಿದು ತೋರಿಸಿ, "ನೋಡ್ರಿ, ಎಷ್ಟು ಛಂದ ಅಕ್ಷರ" ಎಂದು ಹೊಗಳಿದೆ. ಅಂಥ ಅಕ್ಷರ ಇಡೀ ತರಗತಿಯಲ್ಲಿ ಒಬ್ಬನದೇ ಇತ್ತು. ಅವತ್ತು ಶಾಲೆ ಬಿಟ್ಟ ಮೇಲೆ ಅವನಿಗೆ ಗೇಟಿನ ಹೊರಗೆ ಏಟು ಬಿದ್ದವು.

ಮುಂದಿನ ವಾರ ಡಬ್ಬಿ ಖಾಲಿ. ಅದರ ಮುಂದಿನ ವಾರವೂ ಖಾಲಿ. 'ದೂರುಗಳು ಸಂಪೂರ್ಣ ನಿಂತಿವೆ' ಎಂದು ನಾನು ವರದಿ ಬರೆದೆ. ಸಭೆಯಲ್ಲಿ ನನ್ನನ್ನು ನಿಲ್ಲಿಸಿ ಚಪ್ಪಾಳೆ ಹೊಡೆದರು. ವರ್ಷದ ಕೊನೆಗೆ ಡಬ್ಬಿ ತೊಳೆಯಲು ತೆಗೆದಾಗ ತಳದಲ್ಲಿ ಒಂದೇ ಒಂದು ಚೀಟಿ ಅಂಟಿಕೊಂಡಿತ್ತು. "ಮೇಡಂ, ಈ ಡಬ್ಬಿ ತೆಗೀರಿ" ಎಂದಿತ್ತು. ಅಕ್ಷರ ಬೇಕೆಂದೇ ಕೆಟ್ಟದಾಗಿತ್ತು.

ಈ ನಡುವೆ ಮಕ್ಕಳನ್ನು ಹೊಡೆಯುವಂತಿಲ್ಲ ಎಂಬ ಕಾಯ್ದೆ ಬಂತು. ನಮ್ಮ ಸ್ಟಾಫ್ ರೂಮಿನಲ್ಲಿ ಅದರ ಮೇಲೆ ಎಷ್ಟು ಜೋಕುಗಳಾದವೋ ಲೆಕ್ಕವಿಲ್ಲ. "ಇನ್ನ ಮ್ಯಾಲ ಹುಡುಗರೇ ನಮ್ಮನ್ನ ಹೊಡೀತಾರ" ಎಂದೊಬ್ಬರು, "ಕೋಲಿಗೆ ಪಿಂಚಣಿ ಕೊಡ್ರಿ" ಎಂದೊಬ್ಬರು. ಎರಡನೆಯದು ನನ್ನದು, ಆ ದಿನ ಬಹಳ ಮೆಚ್ಚುಗೆ ಸಿಕ್ಕಿತ್ತು. ಆದರೆ ನಕ್ಕರೂ ಭಯ ಬಿತ್ತು. ಕೋಲು ಬೀರುವಿನ ಮೇಲೆ ಹೋಯಿತು, ಅಲ್ಲೇ ಧೂಳು ಹಿಡಿಯಿತು. ಮಕ್ಕಳ ಅಂಗೈ ಮೇಲೆ ಬರೆ ಬೀಳುವುದು ನಿಂತಿತು. ಕಾಯ್ದೆಯಿಂದ ಏನಾಗುತ್ತದೆ ಎನ್ನುವವರಿಗೆ ನಾನು ಕಣ್ಣಾರೆ ಕಂಡ ಇದನ್ನು ಹೇಳುತ್ತೇನೆ. ಇದರ ಜೊತೆಗೆ ಕಂಡ ಇನ್ನೊಂದನ್ನೂ ಹೇಳಬೇಕು: ಕೋಲು ಮೇಲೆ ಹೋದಷ್ಟೂ ನಮ್ಮ ನಾಲಿಗೆ ಉದ್ದವಾಯಿತು. ಅಂಗೈಗೆ ಕೊಡುತ್ತಿದ್ದುದನ್ನು ಕಿವಿಗೆ ಕೊಡತೊಡಗಿದೆವು. ಅದರಲ್ಲಿ ನಾನು ನಿಪುಣೆ. ನನ್ನ ಪಾಠಕ್ಕೆ ಮಕ್ಕಳು ನಗುತ್ತಾರೆ ಎಂದು ನನಗೆ ಹೆಮ್ಮೆ. ಯಾರನ್ನು ನೋಡಿ ನಗುತ್ತಾರೆ ಎಂದು ತಿರುಗಿ ನೋಡಿರಲಿಲ್ಲ.

ಕುರುಗೋಡಿಗೆ ವರ್ಗವಾದಾಗ ನಿವೃತ್ತಿಗೆ ನಾಲ್ಕು ವರ್ಷವಿತ್ತು. ಬಳ್ಳಾರಿಯಿಂದ ದಿನಾ ಬಸ್ಸು. ಹತ್ತನೇ ತರಗತಿಗೆ ನಾನು ಕನ್ನಡ ಪಾಠ, ಕ್ಲಾಸ್ ಟೀಚರೂ ನಾನೇ. ನಿವೃತ್ತಿಯ ಹಿಂದಿನ ವರ್ಷ ತರಗತಿಯಲ್ಲಿ ಮೂವರು ಹುಲಿಗೆಮ್ಮರು. ನಮ್ಮ ಕಡೆ ಇದು ಹೊಸತಲ್ಲ; ಹುಲಿಗೆಮ್ಮನಿಗೆ ಹರಕೆ ಹೊತ್ತು ಪಡೆದ ಮಕ್ಕಳಿಗೆ ಬೇರೆ ಹೆಸರು ಇಡುವುದು ಹೇಗೆ? ಹಾಜರಿ ಪುಸ್ತಕದಲ್ಲಿ ಕೆ. ಹುಲಿಗೆಮ್ಮ, ಟಿ. ಹುಲಿಗೆಮ್ಮ, ವೈ. ಹುಲಿಗೆಮ್ಮ ಎಂದು ಸ್ಪಷ್ಟವಾಗಿತ್ತು. ಹಾಗೆಯೇ ಕರೆದಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಇನಿಷಿಯಲ್ ಹಿಡಿದು ಕರೆಯುವುದು ಬ್ಯಾಂಕಿನವರ ಪದ್ಧತಿ ಎಂದು ನನ್ನ ಭಾವನೆ. ಉದ್ದ ಹುಲಿಗೆಮ್ಮ, ಗಿಡ್ಡ ಹುಲಿಗೆಮ್ಮ ಎಂದು ಮೊದಲ ದಿನವೇ ಇಬ್ಬರಿಗೆ ಹಂಚಿದೆ. ಮೂರನೆಯವಳು ಎದ್ದು ನಿಂತಳು. "ಹಾಜರ್" ಎನ್ನಲು ಬಾಯಿ ತೆರೆದಳು, ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು. ತುಟಿ ಅಲುಗುತ್ತದೆ, ಶಬ್ದ ಬರದು. ಕೊನೆಗೆ ಬಂತು. "ನೀನು ನಿಧಾನ ಹುಲಿಗೆಮ್ಮ" ಎಂದೆ.

ತೊದಲು ಎನ್ನದೆ ನಿಧಾನ ಎಂದದ್ದು ನನ್ನ ದೊಡ್ಡ ಗುಣ ಎಂದುಕೊಂಡಿದ್ದೆ. ಮನೆಗೆ ಬಂದು ಯಜಮಾನರಿಗೂ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತಿ, "ನನಗೇನಂತ ಹೆಸರಿಟ್ಟೀ ಸಾಲ್ಯಾಗ?" ಎಂದರು. ಅದನ್ನೂ ತಮಾಷೆ ಎಂದೇ ತಿಳಿದೆ.

ದಸರಾ ರಜೆ ಮುಗಿದ ಮೇಲೆ ಮೇಲಿನಿಂದ ಆದೇಶ ಬಂತು: ಮಕ್ಕಳು ಗಟ್ಟಿಯಾಗಿ ಓದುವ ವಿಡಿಯೋ ಕಳಿಸಬೇಕು. ನಮ್ಮ ಇಲಾಖೆಯಲ್ಲಿ ಮಗು ಓದಿದರೆ ಸಾಲದು, ಓದಿದ್ದು ಮೊಬೈಲಿನಲ್ಲಿ ಇರಬೇಕು. ನನ್ನ ಫೋನನ್ನು ತರಗತಿಯ ಲೀಡರ್ ಹುಡುಗಿಯ ಕೈಗೆ ಕೊಟ್ಟು ತೆಗೆಯಲು ಹೇಳಿದೆ. ಒಬ್ಬೊಬ್ಬರೇ ಒಂದೊಂದು ಸಾಲು ಓದಿದರು. ಟಿ. ಹುಲಿಗೆಮ್ಮನ ಸರದಿ ಬಂತು. ಮೊದಲ ಪದದಲ್ಲೇ ನಿಂತಳು. ನಾನು ಕಾಯಲಿಲ್ಲ. "ಏ ನಿಧಾನ ಹುಲಿಗೆಮ್ಮ, ಈ ಬಸ್ಸು ಹೋತು, ಮುಂದಿನ ಬಸ್ಸಿಗರ ಬಾರವ್ವ" ಎಂದೆ. ತರಗತಿ ನಕ್ಕಿತು. ಎಲ್ಲರದೂ ತೆಗೆದ ಮೇಲೆ ಲೀಡರ್ ಹುಡುಗಿ ನನ್ನ ಫೋನಿನಿಂದ ಇಲಾಖೆಯ ವಾಟ್ಸಾಪ್ ಗುಂಪಿಗೆ ಕಳಿಸಿದಳು. ನಮ್ಮ ತರಗತಿಯ ಗುಂಪಿಗೂ ಕಳಿಸಿದಳು, ಎಲ್ಲರೂ ನೋಡಿಕೊಳ್ಳಲಿ ಎಂದು. ನಾನೇ ಹೇಳಿದ್ದೆ ಕಳಿಸೆಂದು.

ಎರಡು ದಿನದಲ್ಲಿ ಯಾರೋ ಅವಳ ಭಾಗವನ್ನಷ್ಟೇ ಕತ್ತರಿಸಿ, ಇಂಟರ್ನೆಟ್ ಸಿಗದಾಗ ಫೋನಿನಲ್ಲಿ ಚಕ್ರ ತಿರುಗುತ್ತದಲ್ಲ, ಆ ಚಕ್ರವನ್ನು ಅವಳ ಮುಖದ ಮೇಲೆ ತಿರುಗಿಸಿ ಬಿಟ್ಟರು. ಅವಳ ಹೆಸರು 'ಬಫರಿಂಗ್' ಎಂದಾಯಿತು. ಅವಳು ಬಾಯಿ ತೆರೆದರೆ ಇಡೀ ತರಗತಿ ಬೆರಳಲ್ಲಿ ಚಕ್ರ ತಿರುಗಿಸುತ್ತಿತ್ತು. ಸ್ಟಾಫ್ ರೂಮಿನಲ್ಲಿ ಯಾರೋ ನನಗೂ ತೋರಿಸಿದರು. ನಾನೂ ನಕ್ಕೆ. ಬರೆಯಬಾರದು ಎನಿಸುತ್ತದೆ, ಆದರೆ ನಕ್ಕೆ. ಆಮೇಲೆ "ಛೆ, ಪಾಪ" ಎಂದೆ.

ದೀಪಾವಳಿಯ ಹೊತ್ತಿಗೆ ಅವಳು ಶಾಲೆಗೆ ಬರುವುದು ನಿಂತಿತು. ನಾನು ಹಾಜರಿಯಲ್ಲಿ ಗೈರು ಹಾಕುತ್ತಾ ಹೋದೆ. ಒಂದು ದಿನ ಅವಳ ತಾಯಿ ತಾಯಮ್ಮ ಶಾಲೆಗೆ ಬಂದಳು. ಗಂಡ ಕಲ್ಲು ಪಾಲಿಶ್ ಕೆಲಸಕ್ಕೆ ದೂರದ ಊರಲ್ಲಿದ್ದ. ಇವಳು ಮೆಣಸಿನಕಾಯಿ ಬಿಡಿಸಲು ಕೂಲಿಗೆ ಹೋಗುವವಳು. ಸೆರಗಿನಲ್ಲಿ ಸುತ್ತಿದ್ದ ಫೋನು ತೆಗೆದು ನನ್ನ ಕೈಗೆ ಕೊಟ್ಟಳು.

"ಇದನ್ನ ನೋಡ್ರಿ ಮೇಡಂ. ಹುಡುಗಿ ಉಣ್ಣವಲ್ಲದು, ಮಾತಾಡವಲ್ಲದು. ಎಲ್ಲ್ಯಾರ ಎದ್ದು ಹೋಗಿಬಿಟ್ಟಾಳು ಅಂತ ರಾತ್ರಿ ಎಲ್ಲಾ ಕದಕ್ಕ ಬೆನ್ನು ಕೊಟ್ಟು ಕುಂದ್ರತೀನಿ. ಇದಕ್ಕೇನೂ ಕಾಯ್ದಿ ಇಲ್ಲೇನ್ರಿ?"

"ಇದಕ್ಕೆಲ್ಲಾ ಎಲ್ಲಿ ಕಾಯ್ದಿ ತಾಯಮ್ಮ? ಹುಡುಗ್ರ ಆಟ. ನಾನು ನೋಡ್ತೀನಿ, ನೀ ಹೋಗು."

"ಕೋಲಿಗೆ ಐತಂತಲ್ರಿ" ಎಂದಳು. ಜಗಳದ ದನಿಯಲ್ಲಿ ಅಲ್ಲ. ತಿಳಿಯದೆ ಕೇಳುವ ಹಾಗೆ.

ನಾನು ನೋಡಿದೆ. ಮೂರು ದಿನ ತನಿಖೆ ಮಾಡಿದೆ, ಪೊಲೀಸರೂ ನಾಚಬೇಕು. ಹುಡುಗರನ್ನು ಒಬ್ಬೊಬ್ಬರನ್ನೇ ಕರೆದೆ, ಪ್ರಾರ್ಥನೆಯ ಹೊತ್ತಿಗೆ ಇಪ್ಪತ್ತು ನಿಮಿಷ ಭಾಷಣ ಮಾಡಿದೆ, "ಇನ್ನೊಬ್ಬರ ನೋವಿಗೆ ನಗುವವರು ಮನುಷ್ಯರಲ್ಲ" ಎಂದು ಕರಿಹಲಗೆಯ ಮೇಲೆ ಬರೆಸಿದೆ. ನಾಲ್ಕನೇ ದಿನ ಲೀಡರ್ ಹುಡುಗಿ ಅಳುತ್ತಾ ಬಂದು, "ಮೇಡಂ, ಪೂರಾ ವಿಡಿಯೋ ನಿಮ್ಮ ಫೋನ್ಯಾಗ ಐತ್ರಿ, ಅದನ್ನ ನೋಡ್ರಿ" ಎಂದಳು. ಹೆಡ್ಮಾಸ್ತರರ ಕೋಣೆಯಲ್ಲೇ ಹಾಕಿದೆವು. ಕತ್ತರಿಸದ ವಿಡಿಯೋದಲ್ಲಿ ಹುಲಿಗೆಮ್ಮನ ದನಿಗಿಂತ ಮೊದಲು ನನ್ನ ದನಿ ಇತ್ತು. ಈ ಬಸ್ಸು ಹೋತು, ಮುಂದಿನ ಬಸ್ಸಿಗರ ಬಾರವ್ವ. ಆಮೇಲೆ ನಗು. ಆ ನಗುವಿನಲ್ಲಿ ಎಲ್ಲಕ್ಕಿಂತ ಮುಂಚೆ ಶುರುವಾಗಿ ಎಲ್ಲಕ್ಕಿಂತ ಕೊನೆಗೆ ಮುಗಿದದ್ದು ನನ್ನದೇ.

ಹೆಡ್ಮಾಸ್ತರರು ಫೋನನ್ನು ಬೋರಲು ಹಾಕಿದರು. "ಚಾ ತರಿಸಲೇನ್ರಿ ಮೇಡಂ?" ಎಂದರು. ಒಳ್ಳೆಯ ಮನುಷ್ಯ.

ತರಗತಿಗೆ ಹೋಗಿ ಹೇಳಿದೆ, ಮೊದಲ ಹೆಸರು ಇಟ್ಟವಳು ನಾನು ಎಂದು. ಪಶ್ಚಾತ್ತಾಪ ಪಡುವ ಸಿದ್ಧತೆಯಲ್ಲಿದ್ದೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು, "ಹಂಗಾರ ಮೂರು ದಿನ ನಮಗ್ಯಾಕ ಬೈದ್ರಿ ಮೇಡಂ?" ಎಂದ. ಪುಸ್ತಕ ತೆಗೆಯಿರಿ ಎಂದೆ.

ಇನ್ನು ಹುಲಿಗೆಮ್ಮನ ಮನೆ. ಬಜೆ ಬೇರು, ಜೇನುತುಪ್ಪದ ಸೀಸೆ ಹಿಡಿದು ಹೋದೆ. ಮಾತು ತಡೆಯುವವರಿಗೆ ಬಜೆ ತೇಯ್ದು ನಾಲಿಗೆಗೆ ಹಚ್ಚಬೇಕೆಂದು ನಮ್ಮಜ್ಜಿ ಹೇಳುತ್ತಿದ್ದರು. ಹುಡುಗಿ ಕಂಬಕ್ಕೆ ಒರಗಿ ನಿಂತಿದ್ದಳು. ತಾಯಮ್ಮ ಬೇರನ್ನು ನೋಡಿ, "ಬಜಿ ಕೂಸಿದ್ದಾಗಿಂದ ತಿನಿಸೇವ್ರಿ. ಆಕಿಗೆ ಮಾತು ಬರ್ತೈತ್ರಿ ಮೇಡಂ. ಕೇಳಾಕ ಮಂದಿಗೆ ಬರವಲ್ಲದು" ಎಂದಳು.

ಜೇನುತುಪ್ಪ ಅಲ್ಲೇ ಬಿಟ್ಟು ಬಂದೆ.

ಹೀಗೆ ಹೋಗಿ ಬಂದು ಮಾಡುವುದರಲ್ಲಿ ಸಂಕ್ರಾಂತಿ ಕಳೆಯಿತು. ಅವಳು ಶಾಲೆಗೆ ಬರಲಿಲ್ಲ, ಆದರೆ ಪಾಠದ ನೋಟ್ಸು ಕಳಿಸಿದರೆ ಬರೆದುಕೊಳ್ಳುತ್ತಿದ್ದಳು. ಅಷ್ಟರಲ್ಲಿ ಇನ್ನೊಂದು ತೊಡಕು. ಹಾಜರಿ ಕಡಿಮೆಯಾದವರನ್ನು ಪರೀಕ್ಷೆಗೆ ಕೂರಿಸಬೇಕಾದರೆ ಮೇಲಿನ ಕಚೇರಿಯ ಒಪ್ಪಿಗೆ ಬೇಕು. ಅರ್ಜಿಯಲ್ಲಿ ಒಂದು ಖಾನೆ: ಗೈರುಹಾಜರಿಗೆ ಕಾರಣ. ಕೆಳಗೆ ಅನಾರೋಗ್ಯ, ಅಪಘಾತ, ಕುಟುಂಬದಲ್ಲಿ ಸಾವು ಎಂದು ಅಚ್ಚಾಗಿತ್ತು. ಒಂದಕ್ಕೆ ಗುರುತು ಹಾಕಬೇಕು.

"ಅನಾರೋಗ್ಯ ಹಾಕಿಬಿಡ್ರಿ ಮೇಡಂ" ಎಂದರು ಹೆಡ್ಮಾಸ್ತರರು. "ನಮ್ಮ ಸಾಲ್ಯಾಗ ಎಲ್ಲಾರದೂ ಅನಾರೋಗ್ಯನ. ಮೆಣಸಿನಕಾಯಿ ಬಿಡಿಸಾಕ ಹೋದವರದೂ ಅದ, ಅಕ್ಕನ ಮದುವಿಗೆ ಹೋದವರದೂ ಅದ. ಹೋದ ವರ್ಷ ಒಬ್ಬಾವ ಟ್ರ್ಯಾಕ್ಟರ್ ಕಲಿಯಾಕ ಹೋಗಿದ್ದ, ಅವಂಗೂ ವಿಷಮಜ್ವರ ತರಿಸೀನಿ. ಒಂದು ಡಾಕ್ಟರ್ ಚೀಟಿ, ಹುಡುಗಿದೊಂದು ಸಹಿ. ಮುಗೀತು."

ನಾನೂ ಇಷ್ಟು ವರ್ಷ ಹೀಗೆಯೇ ಮಾಡಿದವಳು. ಅರ್ಜಿ ಹಿಡಿದು ಸಹಿ ಹಾಕಿಸಲು ಹೋದೆ. ಹುಲಿಗೆಮ್ಮ ಅರ್ಜಿಯನ್ನು ಎರಡು ಸಲ ಓದಿದಳು. ಪೆನ್ನು ತೆಗೆದುಕೊಳ್ಳಲಿಲ್ಲ.

"ನ..." ಎಂದಳು.

"ನಾಳೆ ಹಾಕ್ತೀಯಾ?" ಎಂದೆ.

ತಲೆ ಅಲ್ಲಾಡಿಸಿದಳು. "ನ... ನ..."

"ನಾಚಿಕೆ ಏನು ಇದರಾಗ? ನಂಬರ್ ಬರೀಬೇಕಾ? ನಮ್ಮಪ್ಪನ್ನ ಕೇಳ್ತೀನಿ ಅಂತೀಯಾ?"

ತಾಯಮ್ಮ ಒಲೆಯ ಮುಂದಿನಿಂದ, "ಮೇಡಂ, ಸ್ವಲ್ಪ ಸುಮ್ನ ಕುಂದರ್ರಿ" ಎಂದಳು. ನನಗೆ ಹಾಗೆ ಹೇಳಿದವರು ಇಡೀ ಸೇವೆಯಲ್ಲಿ ಯಾರೂ ಇರಲಿಲ್ಲ. ಸುಮ್ಮನೆ ಕೂತೆ. ಅಂಗಳದಲ್ಲಿ ಒಂದು ಕೋಳಿ ಈ ತುದಿಯಿಂದ ಆ ತುದಿಗೆ ಹೋಯಿತು, ಮನಸ್ಸು ಬದಲಿಸಿ ಅರ್ಧ ದಾರಿ ವಾಪಸು ಬಂತು. ಮೂರು ಸಲ ನನ್ನ ಬಾಯಿಗೆ ಪದ ಬಂತು, ಮೂರು ಸಲವೂ ನುಂಗಿದೆ. ಆಗ ಮಾತು ಬಂತು.

"ನನಗ ಬ್ಯಾನಿ ಇಲ್ರಿ ಮೇಡಂ. ಯಾಕ ಬರಲಿಲ್ಲ ಅಂತ ನಿಮಗ ಗೊತ್ತೈತಿ. ಅದನ್ನ ಬರೀರಿ."

"ಅದಕ್ಕ ಇದರಾಗ ಜಾಗ ಇಲ್ಲವ್ವ. ಬರದ್ರ ತಿರುಗಿ ಕಳಿಸ್ತಾರ. ಪರೀಕ್ಷಿ ಹೋಗ್ತೈತಿ."

ಅವಳು ಅರ್ಜಿಯನ್ನು ಮಡಿಸಿ ನನ್ನ ಕೈಗಿಟ್ಟಳು. ಹತ್ತನೇ ತರಗತಿ ದಾಟದೆ ಮೆಣಸಿನಕಾಯಿ ಹೊಲಕ್ಕೆ ಹೋಗಲು ಸಿದ್ಧ. ಆದರೆ ಇಲ್ಲದ ರೋಗಕ್ಕೆ ಸಹಿ ಹಾಕಲು ಸಿದ್ಧಳಿಲ್ಲ. ನನಗೆ ಸಿಟ್ಟು ಬಂತು. ಬಸ್ಸಿನಲ್ಲಿ ಕೂತು, ಎಂಥ ಹಟಮಾರಿ ಹುಡುಗಿ ಎಂದು ಬಳ್ಳಾರಿಯವರೆಗೂ ಬೈದುಕೊಂಡೆ. ಬಸ್ ಸ್ಟ್ಯಾಂಡಿನಲ್ಲಿ ಇಳಿಯುವಾಗ ಹೊಳೆಯಿತು: ಅವಳ ಜಾಗದಲ್ಲಿ ನಾನಿದ್ದಿದ್ದರೆ ವಿಷಮಜ್ವರಕ್ಕೇ ಸಹಿ ಹಾಕುತ್ತಿದ್ದೆ.

ಆ ಸಂಜೆ ನಾನೇ ಒಂದು ಪತ್ರ ಬರೆಯಲು ಕೂತೆ. ಮೊದಲ ಪ್ರತಿಯಲ್ಲಿ 'ಕೆಲವು ವಿದ್ಯಾರ್ಥಿಗಳ ವರ್ತನೆಯಿಂದ' ಎಂದು ಬರೆದೆ. ಎರಡನೆಯದರಲ್ಲಿ 'ತರಗತಿಯಲ್ಲಿ ಉಂಟಾದ ಪರಿಸ್ಥಿತಿಯಿಂದ' ಎಂದೆ. ಕನ್ನಡ ಮೇಡಂ ಅಲ್ಲವೆ, ಯಾರೂ ಮಾಡದೆ ತಾನಾಗಿ ಆಗುವಂತೆ ವಾಕ್ಯ ಕಟ್ಟುವುದು ಚೆನ್ನಾಗಿ ಬರುತ್ತದೆ. ಯಜಮಾನರಿಗೆ ಓದಿ ತೋರಿಸಿದೆ. "ಮಳಿ ಬಂದ್ಹಂಗ ಬರದೀಯಲ್ಲ" ಎಂದರು. ಮೂರನೆಯ ಪ್ರತಿಯಲ್ಲಿ ನನ್ನ ಹೆಸರು ಬರೆದೆ, ನಾನಿಟ್ಟ ಹೆಸರು ಬರೆದೆ, ಬಸ್ಸಿನ ಮಾತನ್ನೂ ಬರೆದೆ. ಆ ಪ್ರತಿ ಎಲ್ಲಕ್ಕಿಂತ ಚಿಕ್ಕದಾಗಿತ್ತು.

ಹೆಡ್ಮಾಸ್ತರರು ಓದಿ ಕನ್ನಡಕ ತೆಗೆದರು. "ಒಂದು ವರ್ಷದಾಗ ರಿಟೈರ್ ಆಗೋರು ನೀವು. ನಿಮ್ಮ ಕಾಲಿಗೆ ನೀವ ಯಾಕ ಕಲ್ಲು ಹಾಕ್ಕೊಂತೀರಿ?" ಎಂದರು. ಆದರೂ ಸಹಿ ಹಾಕಿದರು. ಸಹಿ ಮಾತ್ರ ಗುರುತು ಸಿಗದಷ್ಟು ಸಣ್ಣದಾಗಿ ಹಾಕಿದರು.

ವಾರದಲ್ಲಿ ಅರ್ಜಿ ತಿರುಗಿ ಬಂತು. 'ಕಾರಣ ನಮೂನೆಯಲ್ಲಿಲ್ಲ' ಎಂದು ಕೆಂಪು ಶಾಯಿಯಲ್ಲಿ ಬರೆದಿತ್ತು. ಪರೀಕ್ಷೆಗೆ ಉಳಿದದ್ದು ಮೂರು ವಾರ. ಅರ್ಜಿ ಹಿಡಿದು ನಾನೇ ಕಚೇರಿಗೆ ಹೋದೆ. ಅಧಿಕಾರಿ ನನಗಿಂತ ಬಹಳ ಚಿಕ್ಕವರು, ಮರ್ಯಾದೆಯಿಂದ ಕುರ್ಚಿ ಕೊಟ್ಟರು.

"ಮೇಡಂ, ಹೊಡದಿದ್ರ ನಿಯಮ ಐತಿ. ಜ್ವರ ಬಂದಿದ್ರ ನಿಯಮ ಐತಿ. ನಕ್ಕಿದ್ದಕ್ಕ ಯಾವ ನಿಯಮ ಹಾಕ್ಲಿ ಹೇಳ್ರಿ?"

"ಗೊತ್ತಿಲ್ರಿ ಸರ್. ಆದ್ರ ಹುಡುಗಿ ಬರದೇ ಇದ್ದದ್ದು ಅದಕ್ಕ."

"ಒಪ್ಪತೀನಿ. ಆದರ ಫಾರ್ಮ್‌ನಾಗ ಇಲ್ಲ."

ಪಕ್ಕದ ಮೇಜಿನ ಗುಮಾಸ್ತೆ, ನನ್ನ ವಯಸ್ಸಿನ ಹೆಂಗಸು, ಅಲ್ಲಿಯವರೆಗೆ ಕಡತಕ್ಕೆ ದಾರ ಕಟ್ಟುತ್ತಿದ್ದವಳು, ನನ್ನ ಅರ್ಜಿಯನ್ನು ಎಳೆದುಕೊಂಡು ನೋಡಿದಳು. "ಇದೇನ್ರಿ ಮೇಡಂ, ನಿಮ್ಮ ಸಾಲಿಯವರು ಜೆರಾಕ್ಸಿನ ಜೆರಾಕ್ಸ್ ಮಾಡಿ ಮಾಡಿ ಕೆಳಗಿನ ಸಾಲನ್ನ ತಿಂದುಬಿಟ್ಟಾರ" ಎಂದಳು. ಕಪಾಟಿನಿಂದ ಮೂಲ ನಮೂನೆ ತೆಗೆದಳು. ಅನಾರೋಗ್ಯ, ಅಪಘಾತ, ಕುಟುಂಬದಲ್ಲಿ ಸಾವು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು: ಇತರೆ, ವಿವರಿಸಿ.

ಎಷ್ಟು ವರ್ಷದಿಂದ ಆ ಸಾಲು ನಮ್ಮ ಶಾಲೆಯ ಜೆರಾಕ್ಸಿನಲ್ಲಿ ಕತ್ತರಿಸಿ ಹೋಗಿತ್ತೋ ಯಾರಿಗೂ ಗೊತ್ತಿಲ್ಲ. ಅಧಿಕಾರಿ ನಕ್ಕರು, ನಾನು ನಗಲಿಲ್ಲ. ಆ ಸಾಲಿನ ಮುಂದೆ ನನ್ನ ಮೂರನೇ ಪ್ರತಿಯನ್ನು ಪಿನ್ನು ಹಾಕಿ ವಾಪಸು ತಂದೆ. ಮರುದಿನ ಸಂಜೆ ಹುಲಿಗೆಮ್ಮ ಅದಕ್ಕೆ ಸಹಿ ಹಾಕಿದಳು, ಟಿ. ಅಕ್ಷರವನ್ನು ಸ್ವಲ್ಪ ದೊಡ್ಡದಾಗಿಯೇ ಬರೆದು. ಕಚೇರಿಗೆ ಕೊಟ್ಟೆ, ಒಪ್ಪಿಗೆ ಬಂತು. ಅದರ ಹಿಂದೆಯೇ ನನಗೆ ಕಾರಣ ಕೇಳಿ ನೋಟಿಸ್ ಬಂತು. ಕೊನೆಗೆ ಸೇವಾ ಪುಸ್ತಕದ ಪುಟದಲ್ಲಿ 'ಎಚ್ಚರಿಕೆ ನೀಡಲಾಗಿದೆ' ಎಂದು ಬರೆದರು. ಅದರಲ್ಲಿ ನನ್ನ ಬಗ್ಗೆ ಯಾರಾದರೂ ವಿಚಾರಿಸಿ ನೋಡಿ ಬರೆದದ್ದು ಆ ಒಂದೇ ಸಾಲು.

ಸವಿತಾ, ನಿನ್ನ ಪ್ರಶ್ನೆಗೆ ಈಗ ಬರುತ್ತೇನೆ. ಕಾಯ್ದೆ ಬೇಕು. ಹೊಡೆಯಬಾರದೆಂಬ ಕಾಯ್ದೆಯ ಪುಸ್ತಕದಲ್ಲಿ ಮಾನಸಿಕ ಹಿಂಸೆ ಎಂಬ ಮಾತು ಈಗಾಗಲೇ ಇದೆಯಂತೆ; ಇರಬಹುದು, ನಾವು ಕೋಲಿನ ತನಕ ಓದಿ ಪುಟ ಮಡಿಸಿದ್ದೆವು. ತಾಯಮ್ಮ ನನ್ನ ಮುಂದೆ ನಿಂತು ಕೇಳಿದಾಗ ಅವಳ ಕೈಯಲ್ಲಿ ಒಂದು ಕಾಗದ ಇದ್ದಿದ್ದರೆ, ನಾನು 'ಹುಡುಗ್ರ ಆಟ' ಎಂದು ಕಳಿಸಲು ಆಗುತ್ತಿರಲಿಲ್ಲ. ಬಡವರು ಕಾಯ್ದೆ ಕೇಳುವುದು ಯಾರನ್ನೋ ಜೈಲಿಗೆ ಹಾಕಲಿಕ್ಕಲ್ಲ, ಮೇಡಂ ತಮ್ಮ ಮಾತನ್ನು ಅರ್ಧಕ್ಕೆ ಕತ್ತರಿಸದಿರಲಿ ಎಂದು. ಆದರೆ ಹದಿನೈದು ವರ್ಷದ ಹುಡುಗನನ್ನು ಹಿಡಿದು ಠಾಣೆಗೆ ಒಯ್ಯುವ ಕಾಯ್ದೆಯಾದರೆ ಬೇಡ. ಅವನು ಎಲ್ಲಿಂದ ಕಲಿತ ಎಂದು ಕೇಳದೆ ಅವನನ್ನು ಹಿಡಿದರೆ, ಅವತ್ತು ನಾನು ಮೂರು ದಿನ ಮಾಡಿದ ತನಿಖೆಯನ್ನೇ ಸರ್ಕಾರವೂ ಮಾಡಿದ ಹಾಗೆ. ಪಟ್ಟಿಯಲ್ಲಿ ಮೊದಲ ಹೆಸರು ಮೇಜಿನ ಈ ಕಡೆ ನಿಂತವರದಿರಲಿ. ಮತ್ತೆ, ಕಾಯ್ದೆ ಎಷ್ಟೇ ಒಳ್ಳೆಯದಾದರೂ ಅದು ಶಾಲೆಗೆ ಬರುವುದು ಜೆರಾಕ್ಸ್ ಆಗಿಯೇ. ಕೆಳಗಿನ ಸಾಲು ಉಳಿದಿದೆಯೋ ಇಲ್ಲವೋ ನೋಡುವ ಕೆಲಸ ನಿಮ್ಮದು. ಇದನ್ನು ನೀನು ಎರಡು ಪಾಯಿಂಟಾಗಿ ಹೇಗೆ ಮಾಡುತ್ತೀಯೋ ನನಗೆ ತಿಳಿಯದು. 'ಬೇಡ' ಕಡೆಯವರಿಗೂ ಇದರಲ್ಲಿ ಒಂದಿಷ್ಟು ಸಿಗುತ್ತದೆ, ಬೇಕಾದರೆ ಕೊಡು.

ಪರೀಕ್ಷೆಯ ಮೊದಲ ದಿನ ಕನ್ನಡ. ನನಗೆ ಅವತ್ತು ಕೆಲಸವಿರಲಿಲ್ಲ, ಆದರೂ ಕುರುಗೋಡಿಗೆ ಹೋದೆ. ತಾಯಮ್ಮ ಕೂಲಿ ಬಿಟ್ಟು ಮಗಳನ್ನು ಕೇಂದ್ರದ ಗೇಟಿನವರೆಗೆ ಕರೆತಂದಿದ್ದಳು. ತರಗತಿಯ ಹುಡುಗರು ಅಲ್ಲೇ ಗುಂಪಾಗಿ ನಿಂತಿದ್ದರು. ಎಲ್ಲರೂ ಹುಲಿಗೆಮ್ಮನನ್ನು ನೋಡಿದರು. ಒಬ್ಬನ ಬೆರಳು ಅಭ್ಯಾಸಬಲದಿಂದ ಮೇಲೆ ಬಂತು. ಲೀಡರ್ ಹುಡುಗಿ ಅದನ್ನು ಹಿಡಿದು ಕೆಳಗೆ ಇಳಿಸಿದಳು. ಹುಲಿಗೆಮ್ಮ ಯಾರನ್ನೂ ನೋಡದೆ ಒಳಗೆ ಹೋದಳು. ನಾವಿಬ್ಬರೂ ಬೇವಿನ ಮರದ ಕೆಳಗೆ ಮೂರು ಗಂಟೆ ಕೂತೆವು. ತಾಯಮ್ಮ ಗೇಟಿನಿಂದ ಕಣ್ಣು ತೆಗೆಯಲಿಲ್ಲ.

ಹುಲಿಗೆಮ್ಮ ಹೊರಗೆ ಬಂದಳು. ಹೇಗಾಯಿತು ಎಂದು ಕೇಳಿ, ತುಟಿ ಬಿಗಿಹಿಡಿದು ನಿಂತೆ. ಅವಳು ಪ್ರಶ್ನೆಪತ್ರಿಕೆ ಮುಂದೆ ಹಿಡಿದು ಒಂದನೇ ಪ್ರಶ್ನೆಯಿಂದ ಶುರು ಮಾಡಿದಳು. ನಡೆಯುತ್ತಾ ಹೇಳಿದಳು, ಮನೆಯ ಹೊಸ್ತಿಲಲ್ಲಿ ಹೇಳಿದಳು. ಒಂದೊಂದು ಪದಕ್ಕೂ ತನಗೆ ಬೇಕಾದಷ್ಟು ಹೊತ್ತು ತೆಗೆದುಕೊಂಡಳು.

ತಾಯಮ್ಮ ಊಟಕ್ಕೆ ಇಟ್ಟಳು. ಸಜ್ಜೆ ರೊಟ್ಟಿ, ಬದನೆಕಾಯಿ ಪಲ್ಯ, ಅನ್ನ, ಬೇಳೆ ಸಾರು, ಕೆಂಪು ಮೆಣಸಿನಕಾಯಿ ಚಟ್ನಿ, ಗುದ್ದಿದ ಉಳ್ಳಾಗಡ್ಡಿ. ನಮ್ಮ ಮನೆಯಲ್ಲಿ ಉಳ್ಳಾಗಡ್ಡಿ ತರುವುದಿಲ್ಲ; ಅವತ್ತು ಎರಡು ತಿಂದೆ. ಮಧ್ಯಾಹ್ನದ ಬಿಸಿಲು ಬಾಗಿಲಿನವರೆಗೆ ಬಂದಿತ್ತು. ಮೊದಲು ನಿದ್ದೆ ಹೋದವಳು ತಾಯಮ್ಮ, ತಾಟು ಎತ್ತುವ ಮುಂಚೆಯೇ ಗೋಡೆಗೆ ಒರಗಿ ಬಾಯಿ ತೆರೆದು. ಎರಡನೆಯವಳು ನಾನು. ಹುಲಿಗೆಮ್ಮ ಇನ್ನೂ ಹನ್ನೊಂದನೇ ಪ್ರಶ್ನೆಯಲ್ಲಿದ್ದಳು.